ಮರ್ಯಾದೆಗಿಂತ ಮಗ ದೊಡ್ಡವ

ತಮ್ಮಾ, ಸುಗ್ಗಿಯ ದಿನಗಳಲ್ಲಿ ಬ್ಯಾಡಗಿಯಲ್ಲಿ ಯಾರ ಕಣ್ಣು ಕೆಂಪಾಗಿರುವುದಿಲ್ಲ ಹೇಳು? ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿ ಸುರುವಿದರೆ ಸಾಕು, ಹಾದಿಯಲ್ಲಿ ಹೋಗುವವರೂ ಸೀನುತ್ತಾರೆ. ಹೀಗಾಗಿ ಹದಿನಾರರ ಹುಡುಗ ಸಂಜೆ ಕೆಂಗಣ್ಣು ಮಾಡಿಕೊಂಡು ಬಂದು "ಘಾಟು ಹತ್ತೇತಬೇ ಯವ್ವಾ" ಅಂದರೆ ತಾಯಿ ನಂಬುತ್ತಾಳೆ. ನಂಬಬಾರದು ಅಂತ ನಾನು ಹೇಳುವುದಿಲ್ಲ. ಆದರೆ ಸುಗ್ಗಿ ಮುಗಿದು ಮಳೆ ಹಿಡಿದ ಮೇಲೂ ಕಣ್ಣು ಹಾಗೇ ಇದ್ದರೆ, ಪುಸ್ತಕದ ಚೀಲದಲ್ಲಿ ಕಣ್ಣಿಗೆ ಬಿಡುವ ಹನಿಯ ಬಾಟಲಿ ಸಿಕ್ಕರೆ, ಕರವಸ್ತ್ರ ತೊಳೆಯಲು ತೆಗೆದುಕೊಂಡಾಗ ಪಂಕ್ಚರ್ ಅಂಗಡಿಯ ಸೊಲ್ಯೂಷನ್ ವಾಸನೆ ಮೂಗಿಗೆ ಬಡಿದರೆ, ಅವತ್ತು ನೆಪ ಹುಡುಕುವುದನ್ನು ಬಿಡು.

ಈ ಅಮಲಿನ ಚಟವೆಲ್ಲ ಬೆಂಗಳೂರಿನ ರೋಗ, ನಮ್ಮ ಕಡೆ ಎಲ್ಲಿ ಬರುತ್ತದೆ ಅನ್ನುವವರು ಈಗಲೂ ಇದ್ದಾರೆ. ಹತ್ತಿ, ಗೋವಿನಜೋಳದ ಸಾಲಿನ ನಡುವೆ ಗಾಂಜಾ ಗಿಡ ಬೆಳೆಸಿ ಸಿಕ್ಕಿಬಿದ್ದವರ ಸುದ್ದಿ ನಾವು ಓದುವ ಪತ್ರಿಕೆಯಲ್ಲೇ ಬರುತ್ತದೆ. ಹಾವೇರಿ, ರಾಣೆಬೆನ್ನೂರು ಎರಡೂ ದೊಡ್ಡ ಹೆದ್ದಾರಿಯ ಮೇಲಿನ ಊರುಗಳು, ಬ್ಯಾಡಗಿ ಸೇರಿ ಮೂರೂ ಊರಿಗೆ ರೈಲು ಇದೆ; ಬರುವ ವಸ್ತುವಿಗೆ ಹಾದಿಯ ಕೊರತೆಯಿಲ್ಲ. ಇನ್ನು ಸೊಲ್ಯೂಷನ್, ವೈಟ್ನರ್‌ಗಳಿಗೆ ಹೊರಗಿನಿಂದ ಬರುವ ಅಗತ್ಯವೂ ಇಲ್ಲ. ದೆಹಲಿಯ ಏಮ್ಸ್ ಕೇಂದ್ರ ಸರ್ಕಾರಕ್ಕಾಗಿ ಮಾಡಿ 2019ರಲ್ಲಿ ಹೊರಬಂದ ಸಮೀಕ್ಷೆಯಲ್ಲಿ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಕಂಡ ಅಮಲು ಈ ಮೂಸುವುದೊಂದೇ: ದೊಡ್ಡವರಲ್ಲಿ ಶೇಕಡಾ 0.58, ಹತ್ತರಿಂದ ಹದಿನೇಳರ ಮಕ್ಕಳಲ್ಲಿ ಶೇಕಡಾ 1.17. ಮಗ ಮೂಸುತ್ತಿರುವುದನ್ನು ಕಣ್ಣಾರೆ ಕಂಡರೆ ಚೀರಬೇಡ, ಬೆನ್ನು ಹತ್ತಿ ಓಡಿಸಬೇಡ. ಆ ಹೊತ್ತಿನಲ್ಲಿ ಗಾಬರಿಯಾದರೆ ಎದೆಬಡಿತ ತಪ್ಪಿ ಜೀವಕ್ಕೇ ಅಪಾಯ. ಗಾಳಿ ಬರುವ ಕಡೆ ಕೂರಿಸಿ, ಪಕ್ಕದಲ್ಲಿ ಸುಮ್ಮನೆ ಕೂತುಕೋ.

ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಏಳುವುದು ಮಗನ ಮಾತಲ್ಲ, ಮಂದಿಯ ಮಾತು. ಮಂದಿ ಏನಂದಾರು, ನಾಳೆ ಮಗಳಿಗೆ ವರ ಎಲ್ಲಿ ಸಿಕ್ಕಾನು, ದಲಾಲಿ ಅಂಗಡಿಯಲ್ಲಿ ತಲೆ ಎತ್ತಿ ಕೂರುವುದು ಹೇಗೆ. ಆಮೇಲೆ ಬಾಗಿಲು ಹಾಕಿಕೊಂಡು ಹೊಡೆತ. ಅದು ಸಾಲದೆ ಹೋದರೆ ಸೋದರಮಾವನ ಊರು, ಇಲ್ಲವೇ ದೇವರ ಮುಂದೆ ಕಾಯಿ ಹಿಡಿಸಿ ಆಣೆ. ಹೊಡೆತ ತಿಂದ ಹುಡುಗ ಬಚ್ಚಿಡುವುದನ್ನು ಕಲಿಯುತ್ತಾನೆ. ಮಾವನ ಊರಿನಲ್ಲೂ ಗೆಳೆಯರು ಸಿಗುತ್ತಾರೆ. ಆಣೆ ಮಾಡುವಾಗ ಅವನು ಸುಳ್ಳು ಹೇಳಿರುವುದಿಲ್ಲ, ಬಿಡಬೇಕೆಂದೇ ಅಂದಿರುತ್ತಾನೆ. ಎಂಟು ದಿನದಲ್ಲಿ ಮೈ ಕೇಳುತ್ತದೆ, ಆಣೆ ಮುರಿಯುತ್ತದೆ. ಈಗ ಅವನ ತಲೆಯ ಮೇಲೆ ಅಮಲಿನ ಜೊತೆ ದೇವರ ಭಯವೂ ಬಂದು ಕೂತಿತು. ನಾನು ದೇವರನ್ನು ನಂಬುವವಳೇ, ಆದರೂ ಈ ಆಣೆ ಬೇಡ ಅಂತ ಕೈಮುಗಿದು ಹೇಳುತ್ತೇನೆ.

ಹಾಗಾದರೆ ಏನು ಮಾಡಲಿ ಅಂತೀಯಾ? ಕೇಳು. ಅಮಲಿನಲ್ಲಿದ್ದಾಗ ಬೇಡ, ರಾತ್ರಿಯೂ ಬೇಡ. ನಿದ್ದೆ ಮುಗಿಸಿ ಎದ್ದು, ಚಹಾ ಕುಡಿದ ಮೇಲೆ ಕೇಳು. ಅಜ್ಜಿ, ಕಾಕಾ, ಮಾವ ಎಲ್ಲರನ್ನೂ ಸುತ್ತ ಕೂರಿಸಿ ಪಂಚಾಯಿತಿ ಮಾಡಬೇಡ. ನೀನೊಬ್ಬ, ಹೆಚ್ಚೆಂದರೆ ನಿನ್ನ ಹೆಂಡತಿ. "ಹೊಡಿಯಂಗಿಲ್ಲೋ, ಹೇಳು. ಏನ್ ತಗೊಳ್ಳಾಕತ್ತಿ? ಯಾವಾಗಿಂದ? ಯಾವ ಹೊತ್ತಿನಾಗ ಬೇಕ ಅನ್ನಸ್ತೈತಿ?" ಈ ಮೂರನೆಯ ಪ್ರಶ್ನೆಯನ್ನು ತಂದೆ ತಾಯಿ ಕೇಳುವುದೇ ಇಲ್ಲ, ಉತ್ತರ ಇರುವುದು ಅಲ್ಲೇ. ಒಬ್ಬನಿಗೆ ಪರೀಕ್ಷೆಯ ಹಿಂದಿನ ರಾತ್ರಿ ಬೇಕೆನಿಸುತ್ತದೆ, ಇನ್ನೊಬ್ಬನಿಗೆ ಹಾಸ್ಟೆಲ್ ಕೋಣೆಯಲ್ಲಿ ಭಾನುವಾರ ಸಂಜೆ, ಮತ್ತೊಬ್ಬನಿಗೆ ಅಪ್ಪ ಕುಡಿದು ಬಂದು ಅವ್ವನ ಮೇಲೆ ಕೈಯೆತ್ತಿದ ದಿನ. ಮೊದಲ ದಿನ ಅವನು ಅರ್ಧವನ್ನೇ ಹೇಳುತ್ತಾನೆ. ಆ ಅರ್ಧಕ್ಕೆ ನೀನು ಸಿಟ್ಟಾಗದೆ ಕೂತರೆ ಉಳಿದರ್ಧ ತಾನಾಗಿ ಬರುತ್ತದೆ. ಹಾಗಂತ ಕೈಗೆ ರೊಕ್ಕ ಕೊಡುವುದು, ಬೈಕಿನ ಕೀಲಿ ಕೊಡುವುದು ಬೇಡ. ಪ್ರೀತಿ ಬೇರೆ, ರೊಕ್ಕ ಬೇರೆ ಅಂತ ಅವನ ಮುಖ ನೋಡಿಯೇ ಹೇಳು.

ಆಮೇಲೆ ದವಾಖಾನೆ. "ಇವನ್ನ ಧಾರವಾಡಕ್ಕ ಕಳಸ್ರಿ" ಅಂತ ನಮ್ಮ ಮಂದಿ ಹುಚ್ಚರ ವಿಷಯಕ್ಕೆ ಆಡುವ ಮಾತು ನಿನ್ನ ಕಿವಿಯಲ್ಲಿದೆ, ಅದಕ್ಕೇ ಕಾಲು ಹಿಂಜರಿಯುತ್ತದೆ. ಧಾರವಾಡದ ಡಿಮ್ಹಾನ್ಸ್ ಇವತ್ತು ಇಡೀ ಉತ್ತರ ಕರ್ನಾಟಕದವರು ಬರುವ ಮಾನಸಿಕ ಆರೋಗ್ಯದ ದೊಡ್ಡ ಸರ್ಕಾರಿ ಸಂಸ್ಥೆ. ಅಲ್ಲಿ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತು ನೋಡು, ಕೈಚೀಲದಲ್ಲಿ ರೊಟ್ಟಿ ಕಟ್ಟಿಕೊಂಡು ಬಂದ ನಮ್ಮಂಥವರೇ ಇರುತ್ತಾರೆ. ಅಷ್ಟು ದೂರ ಹೋಗುವ ಮೊದಲು ಹಾವೇರಿ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸು. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್‌ನವರು ಹಗಲು ರಾತ್ರಿ ಯಾವ ಹೊತ್ತಿಗೂ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಅಮಲು ಬಿಡಿಸುವುದಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. ಮೊದಲ ಸಲ ಹುಡುಗ ಬರಲು ಒಪ್ಪದಿದ್ದರೆ ನೀನೇ ಹೋಗಿ ಬಾ. ತಂದೆಯೊಬ್ಬನೇ ಬಂದ ಅಂತ ವೈದ್ಯರು ಯಾರೂ ಹೊರಗೆ ಕಳಿಸುವುದಿಲ್ಲ.

ಒಂದು ಎಚ್ಚರಿಕೆ. ಬೋರ್ಡು ಹಾಕಿಕೊಂಡು ತಿಂಗಳಿಗಿಷ್ಟು ಅಂತ ರೊಕ್ಕ ಪಡೆದು ಹುಡುಗರನ್ನು ಕೂಡಿಹಾಕುವ ಜಾಗಗಳಿವೆ. ಮಗನನ್ನು ಅಲ್ಲಿ ಬಿಟ್ಟು ಕೈ ತೊಳೆದುಕೊಳ್ಳಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರನ್ನು ದೊಡ್ಡವರ ಜೊತೆ ಇರಿಸುವಂತಿಲ್ಲ, ದಾಖಲಾದಷ್ಟು ದಿನವೂ ಮನೆಯವರೊಬ್ಬರು ಇಲ್ಲವೇ ಅವರು ಗೊತ್ತುಮಾಡಿದವರು ಜೊತೆಗಿರಬೇಕು. ನೀನು ಜೊತೆಗಿರುವುದು ಬೇಡ ಅನ್ನುವ ಕಡೆ ಮಗನನ್ನು ಬಿಡಲೇಬೇಡ.

ಪೊಲೀಸರ ಭಯಕ್ಕೆ ಬಚ್ಚಿಡುವವರಿಗೂ ಒಂದು ಮಾತು. ಹದಿನೆಂಟರ ಒಳಗಿನ ಹುಡುಗನನ್ನು ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವಂತಿಲ್ಲ, ಇಪ್ಪತ್ನಾಲ್ಕು ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. 1985ರ ಮಾದಕವಸ್ತು ಕಾಯ್ದೆಯಲ್ಲೇ, ವ್ಯಸನಿಯಾದವನು ತಾನಾಗಿ ಚಿಕಿತ್ಸೆಗೆ ಮುಂದೆ ಬಂದರೆ ಸೇವನೆಯ ಮೊಕದ್ದಮೆಯಿಂದ ರಕ್ಷಣೆ ಪಡೆಯಲು ಅವಕಾಶವಿದೆ. ಮಗುವಿನ ಕೈಗೆ ಅಮಲು ಕೊಟ್ಟವನಿಗೆ, ಪೊಟ್ಟಣ ಸಾಗಿಸಲು ಮಗುವನ್ನು ಬಳಸಿಕೊಂಡವನಿಗೆ 2015ರ ಬಾಲ ನ್ಯಾಯ ಕಾಯ್ದೆ ಏಳು ವರ್ಷದವರೆಗೆ ಸಜೆ ಇಟ್ಟಿದೆ. ನೀನು ಬಾಯಿ ಮುಚ್ಚಿಕೊಂಡು ಕೂತರೆ ಉಳಿದುಕೊಳ್ಳುವವನು ಅವನೇ, ನಿನ್ನ ಮಗನಲ್ಲ.

ಇಳಕಲ್ಲಿನ ಮಠದ ಮಹಾಂತ ಅಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಬೇಡಿದ್ದು ಕಾಳು ಕಡಿಯನ್ನಲ್ಲ, ಚಟಗಳನ್ನು. ಜನ ತಮ್ಮ ಕೈಯಾರೆ ಬೀಡಿ, ತಂಬಾಕು ಜೋಳಿಗೆಗೆ ಹಾಕಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ನನಗೆ ಅದರಲ್ಲಿ ದೊಡ್ಡದಾಗಿ ಕಾಣುವುದು, ಸ್ವಾಮಿಗಳೇ ಮನೆ ಬಾಗಿಲಿಗೆ ಬಂದರು, ಬಂದವರು ಬೈಯಲಿಲ್ಲ, ಬೇಡಿದರು. ಮಗನ ಮುಂದೆ ತಂದೆಗೆ ಅಷ್ಟು ಬಾಗಲು ಆಗುವುದಿಲ್ಲವೇ? ಬಾಗುವ ಮೊದಲು ನಿನ್ನ ಅಂಗಿಯ ಜೇಬು ನೋಡಿಕೋ. ಗುಟ್ಕಾ ನಿಷೇಧವಾಗಿ ವರ್ಷಗಳಾದರೂ ಅಂಗಡಿಯವನು ಎರಡು ಪೊಟ್ಟಣ ಬೇರೆ ಬೇರೆ ಕೊಡುತ್ತಾನೆ, ನೀನು ಮಗನೆದುರೇ ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುತ್ತೀ. ಮೊದಲು ಅದನ್ನು ಬಿಡು. ಅವನಿಗೆ ಕಾಣುವ ಹಾಗೆ ಬಿಡು, ಬಿಡುವುದು ಎಷ್ಟು ಕಷ್ಟ ಅನ್ನುವುದನ್ನೂ ಅವನಿಗೆ ಹೇಳು.

ಬಿಟ್ಟ ಮೇಲಿನ ದಿನಗಳಿಗೆ ಗಟ್ಟಿಯಾಗು. ದಿನವೂ ಗಾಂಜಾ ಸೇದುತ್ತಿದ್ದವನು ನಿಲ್ಲಿಸಿದರೆ ನಿದ್ದೆ ಹತ್ತುವುದಿಲ್ಲ, ಊಟ ಸೇರುವುದಿಲ್ಲ, ಮಾತು ಮಾತಿಗೆ ಸಿಟ್ಟು. ಮೊದಲ ವಾರ ಜೋರು, ಎರಡು ವಾರಕ್ಕೆ ಬಹಳಷ್ಟು ಇಳಿಯುತ್ತದೆ. ಅದನ್ನು ಸೊಕ್ಕು ಅಂದುಕೊಂಡು ಕೈಯೆತ್ತಿದರೆ ಅಷ್ಟು ದಿನದ ಕೆಲಸ ಕೆಟ್ಟಿತು. ಮಾತ್ರೆ ನುಂಗುತ್ತಿದ್ದವನಾದರೆ ಬಿಡಿಸುವುದು ವೈದ್ಯರ ಕೈಯಲ್ಲೇ ಆಗಬೇಕು; ಕೆಲವು ನಿದ್ದೆ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು.

ಆರು ತಿಂಗಳು ಚೆನ್ನಾಗಿದ್ದು ಊರಿನ ಜಾತ್ರೆಯ ರಾತ್ರಿ ಮತ್ತೆ ಸೇದಿ ಬಂದಾನು. ಆಗ "ಎಲ್ಲಾ ನೀರಾಗ ಹೋತು" ಅನ್ನಬೇಡ, ಆರು ತಿಂಗಳು ಎಲ್ಲಿಗೂ ಹೋಗಿಲ್ಲ. ದವಾಖಾನೆಯ ಚೀಟಿಗಳ ಫೈಲನ್ನು ಕಪಾಟಿನ ಮೇಲಿನ ಹಲಗೆಗೆ ಎಸೆದಿದ್ದರೆ ಕೆಳಗಿಳಿಸು, ಬೆಳಗಿನ ಬಸ್ಸಿಗೆ ಅವನನ್ನು ಕರೆದುಕೊಂಡು ಅದೇ ವೈದ್ಯರ ಹತ್ತಿರ ಹೋಗು. ಬಸ್ ಸ್ಟ್ಯಾಂಡಿನಲ್ಲಿ ಪರಿಚಯದವರು ಎಲ್ಲಿಗೆ ಹೊರಟಿರಿ ಅಂತ ಕೇಳಿದರೆ, ದವಾಖಾನೆಗೆ ಅನ್ನು.