ಅಘನಾಶಿನಿಗೆ ಒಂದು ಸುತ್ತು: ಸೈಕಲ್ಲಿಗರಿಗೆ ದಿನದ ದಾರಿ

ಮಾರ್ಚ್ ಮಧ್ಯ ದಾಟಿದರೆ ಕರಾವಳಿಯ ಬಿಸಿಲು ಸವಾರಿಗೆ ಆಗಿಬರುವುದಿಲ್ಲ. ಅದಕ್ಕೂ ಮೊದಲೇ ಕುಮಟಾದಿಂದ ಹೊರಟು ಅಘನಾಶಿನಿ ಅಳಿವೆ ಸುತ್ತಿ ಬನ್ನಿ. ದಾರಿ ಸುಮಾರು 45 ಕಿ.ಮೀ. ತುಳಿಯುವುದಕ್ಕಿಂತ ನಿಂತು ನೋಡಲು ಹೆಚ್ಚು ಹೊತ್ತಿರಲಿ.

1. ಮುನ್ನಾದಿನ: ತದಡಿಯಿಂದ ಅಘನಾಶಿನಿ ಊರಿಗೆ ದಾಟಿಸುವ ದೋಣಿಯ ವೇಳೆ, ಸೈಕಲ್ ಹತ್ತಿಸುತ್ತಾರೆಯೇ ಎಂಬುದನ್ನು ಕೇಳಿಕೊಳ್ಳಿ. ದೋಣಿ ತಪ್ಪಿದರೆ ಬಂದ ದಾರಿಯನ್ನೇ ಪೂರ್ತಿ ತುಳಿಯಬೇಕು. ನೀರು, ಟೊಪ್ಪಿ, ಪಂಕ್ಚರ್ ಕಿಟ್ ಜೊತೆಗಿರಲಿ.

2. ಬೆಳಕು ಹರಿಯುತ್ತಲೇ ಮಿರ್ಜಾನ: 11 ಕಿ.ಮೀ. ದೂರ, ಹೆದ್ದಾರಿ 66. ಲಾರಿಗಳು ಹೆಚ್ಚುವ ಮೊದಲೇ ಮುಗಿಸಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾಲದಲ್ಲಿ ಕಾಳುಮೆಣಸು ಹಡಗೇರುತ್ತಿದ್ದ ಸೀಮೆಯಿದು. ಇಲ್ಲಿನ ಕೋಟೆಯ ಚೀರೇಕಲ್ಲಿನ ಜೋಡಿ ಗೋಡೆ, ಕಂದಕ, ಬುರುಜುಗಳನ್ನು ನಿಧಾನಕ್ಕೆ ಸುತ್ತಿ.

3. ಸಾಣಿಕಟ್ಟಾ: ಹಿರೇಗುತ್ತಿ ದಾಟಿ ಮಾದನಗೇರಿಯಲ್ಲಿ ಎಡಕ್ಕೆ ಹೊರಳಿ. ದಾರಿಯ ಗಜನಿ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪುನೀರಿಗೂ ನೆರೆಗೂ ಜಗ್ಗದ ತಳಿ. ಮುಂದೆ ಉಪ್ಪಿನಾಗರ. ಭರತದ ನೀರನ್ನು ಒಳಗೆ ಬಿಟ್ಟು, ಮಡಿಯಿಂದ ಮಡಿಗೆ ಸಾಗಿಸಿ ಬಿಸಿಲಿಗೆ ಒಣಗಿಸುತ್ತಾರೆ. ಹರಳುಗಟ್ಟಿದ್ದನ್ನು ಮರದ ಹಲಗೆಯಿಂದ ಬಳಿದು ಬದುವಿನ ಮೇಲೆ ಗುಪ್ಪೆ ಹಾಕುತ್ತಾರೆ. ಮಡಿಗೆ ಕಾಲಿಡಬೇಡಿ. ಫೋಟೊ ತೆಗೆಯುವ ಮುನ್ನ ಕೇಳಿ.

4. ಗೋಕರ್ಣದಲ್ಲಿ ಮಧ್ಯಾಹ್ನ: ಊಟ, ಮುರುಗಲು ಪಾನಕ, ಮೂರರವರೆಗೆ ನೆರಳು. ಶಿವರಾತ್ರಿಯ ತೇರಿನ ದಿನಗಳಲ್ಲಿ ಮಾತ್ರ ಊರೊಳಗೆ ಸೈಕಲ್ ತಿರುಗಿಸಲೂ ಜಾಗವಿರದು.

5. ತದಡಿ ದಾಟಿ ಕುಮಟಾಕ್ಕೆ: ಇಳಿತದ ಹೊತ್ತಾಗಿದ್ದರೆ ಸೊಂಟದ ನೀರಿನಲ್ಲಿ ನಿಂತು ಬಳಚು ಚಿಪ್ಪು ಹೆಕ್ಕುವವರು ಕಾಣುತ್ತಾರೆ. ಆಚೆ ದಡದ ಹಳ್ಳಿದಾರಿಯಲ್ಲಿ ವಾಹನ ಕಡಿಮೆ. ಹೋಳಿಯ ಆಸುಪಾಸಿನಲ್ಲಿ ಬಂದರೆ, ತುರಾಯಿ ತೊಟ್ಟು ಮನೆಯಂಗಳಗಳಲ್ಲಿ ಕುಣಿಯುವ ಹಾಲಕ್ಕಿ ಸಮುದಾಯದ ಸುಗ್ಗಿ ಮೇಳ ಎದುರಾಗಬಹುದು. ಸೈಕಲ್ ಬದಿಗೆ ನಿಲ್ಲಿಸಿ, ದಾರಿ ಬಿಡಿ. ಕುಣಿತ ಮುಗಿಯುವವರೆಗೂ ನೋಡಿ.

ಕತ್ತಲಾಗುವ ಮೊದಲು ಕುಮಟಾ ಸೇರಿ. ಉಪ್ಪುಗಾಳಿಗೆ ಸರಪಳಿ ಬೇಗ ತುಕ್ಕು ಹಿಡಿಯುತ್ತದೆ. ಅದೇ ರಾತ್ರಿ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿಬಿಡಿ.