ಸರ್ಕಾರಿ ಕಚೇರಿಯ ಕರೆಂಟ್ ಬಿಲ್: ಇಳಿಸುವುದು ಎಲ್ಲಿಂದ?

ಮನೆಯಲ್ಲಿ ಫ್ಯಾನ್ ಆರಿಸದೆ ಹೊರಟರೆ ಒಳಗಿನಿಂದ ಯಾರಾದರೂ ಗದರುತ್ತಾರೆ. ಕಚೇರಿಯಲ್ಲಿ ಹಾಗೆ ಗದರುವವರಿಲ್ಲ. ಬಿಲ್ ಬರುವುದು ಲೆಕ್ಕಪತ್ರ ಶಾಖೆಗೆ, ಹಣ ಹೋಗುವುದು ಖಜಾನೆಯಿಂದ, ಸ್ವಿಚ್ ಇರುವುದು ಇನ್ಯಾರದೋ ಕೈಯಲ್ಲಿ. ಉಳಿಸಿದರೂ ಆ ದುಡ್ಡು ಕಚೇರಿಗೆ ದಕ್ಕುವುದಿಲ್ಲ. ಹೀಗಾಗಿ ವಿದ್ಯುತ್ ಉಳಿತಾಯದ ಸುತ್ತೋಲೆ ಬಂದಾಗ ಅದಕ್ಕೊಂದು ಕಡತ ತೆರೆಯುತ್ತದೆ, ಚಾವಣಿಯ ಮೇಲೆ ಸೌರಫಲಕ ಹಾಕಿಸಲು ಪ್ರಸ್ತಾವ ಹೋಗುತ್ತದೆ, ಕೆಳಗಿನ ಕೊಠಡಿಗಳಲ್ಲಿ ದೀಪಗಳು ಉರಿಯುತ್ತಲೇ ಇರುತ್ತವೆ.

ಕ್ರಮ ತಿರುವುಮುರುವಾಗಿರುವುದೇ ತೊಂದರೆ. ಮೊದಲು ಖರ್ಚಿಲ್ಲದ ಕೆಲಸ, ನಂತರ ಕಡಿಮೆ ಖರ್ಚಿನದು, ಕಡೆಗೆ ದೊಡ್ಡ ಹೂಡಿಕೆ. ತಾಲ್ಲೂಕು ಆಡಳಿತ ಸೌಧ, ಗ್ರಾಮ ಪಂಚಾಯಿತಿ, ಸರ್ಕಾರಿ ಶಾಲೆ, ಪ್ರಾಥಮಿಕ ಆರೋಗ್ಯ ಕೇಂದ್ರ ಹೀಗೆ ಯಾವ ಕಟ್ಟಡಕ್ಕಾದರೂ ಹೊಂದುವ ಎಂಟು ಹಂತಗಳು ಇಲ್ಲಿವೆ. ಲೆಕ್ಕದ ಅನುಕೂಲಕ್ಕೆ ಯೂನಿಟ್‌ಗೆ ₹8, ದಿನಕ್ಕೆ 7 ಗಂಟೆ, ವರ್ಷಕ್ಕೆ 240 ಕೆಲಸದ ದಿನ ಎಂದಿಟ್ಟುಕೊಳ್ಳಲಾಗಿದೆ. ನಿಮ್ಮ ಬಿಲ್ಲಿನ ದರ ಹಾಕಿ ಮತ್ತೆ ಗುಣಿಸಿಕೊಳ್ಳಿ.

ಹಂತ 1: ಹನ್ನೆರಡು ತಿಂಗಳ ಬಿಲ್ ಹರಡಿಕೊಳ್ಳಿ

ಕಚೇರಿಯ ಹೆಸರಿನಲ್ಲಿರುವ ಎಲ್ಲ ಆರ್.ಆರ್. ಸಂಖ್ಯೆಗಳ ಪಟ್ಟಿ ಮಾಡಿ. ಎಂದೋ ಖಾಲಿ ಮಾಡಿದ ಹಳೆಯ ಕಟ್ಟಡದ ಅಥವಾ ಬಳಸದ ಪಂಪಿನ ಸಂಪರ್ಕಕ್ಕೆ ಇಂದಿಗೂ ನಿಗದಿತ ಶುಲ್ಕ ಕಟ್ಟುತ್ತಿರಬಹುದು. ಅಂಥದ್ದು ಸಿಕ್ಕರೆ ಸಂಪರ್ಕ ರದ್ದುಪಡಿಸಲು ಎಸ್ಕಾಂಗೆ ಅರ್ಜಿ ಕೊಡಿ.

ಪ್ರತಿ ಬಿಲ್ಲಿನಿಂದ ನಾಲ್ಕು ಅಂಕಿ ಬರೆದುಕೊಳ್ಳಿ: ಬಳಸಿದ ಯೂನಿಟ್, ಮಂಜೂರಾದ ಲೋಡ್, ಆ ತಿಂಗಳ ಗರಿಷ್ಠ ಬೇಡಿಕೆ, ಪವರ್ ಫ್ಯಾಕ್ಟರ್. ನಿಗದಿತ ಶುಲ್ಕ ಬೀಳುವುದು ಮಂಜೂರಾದ ಲೋಡ್‌ನ ಮೇಲೆ. 25 ಕಿಲೋವಾಟ್ ಮಂಜೂರಾಗಿದ್ದು, ಬೇಸಿಗೆಯೂ ಸೇರಿ ಇಡೀ ವರ್ಷ ಬೇಡಿಕೆ 14 ದಾಟಿಲ್ಲವೆಂದರೆ, ಬಳಸದ ಲೋಡಿಗೂ ತಿಂಗಳು ತಿಂಗಳು ಹಣ ಹೋಗುತ್ತಿದೆ. ಎಸ್ಕಾಂ ಉಪವಿಭಾಗಕ್ಕೆ ಅರ್ಜಿ ಸಲ್ಲಿಸಿ ಲೋಡ್ ಇಳಿಸಿಕೊಳ್ಳಬಹುದು. ಆದರೆ ಅಂಚಿಗೆ ಇಳಿಸಬೇಡಿ, ಮೀರಿದ ತಿಂಗಳು ದಂಡ ಬೀಳುತ್ತದೆ. ಪವರ್ ಫ್ಯಾಕ್ಟರ್ 1ಕ್ಕೆ ಹತ್ತಿರವಿದ್ದಷ್ಟು ಒಳ್ಳೆಯದು. ತೀರಾ ಕೆಳಗಿದ್ದು ದಂಡ ಬೀಳುತ್ತಿದ್ದರೆ ಕೆಪಾಸಿಟರ್ ಕೂರಿಸುವ ಬಗ್ಗೆ ವಿಚಾರಿಸಿ. ತಡವಾಗಿ ಕಟ್ಟಿದ ಬಿಲ್ಲಿನ ಬಡ್ಡಿಯನ್ನು ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ಅದು ವಿದ್ಯುತ್ತಿನ ಖರ್ಚಲ್ಲ, ಕಡತ ತಡವಾಗಿದ್ದರ ಖರ್ಚು.

ಹಂತ 2: ಸಂಜೆಯೊಮ್ಮೆ, ಬೆಳಿಗ್ಗೆಯೊಮ್ಮೆ ಮೀಟರ್ ಓದಿ

ಒಂದು ರೂಪಾಯಿ ಖರ್ಚಿಲ್ಲದ, ಆದರೂ ಬಹಳಷ್ಟು ಹೇಳುವ ಪರೀಕ್ಷೆ ಇದು. ಸಂಜೆ 6ಕ್ಕೆ ಎಲ್ಲರೂ ಹೊರಟ ಮೇಲೆ ಮೀಟರಿನ ಅಂಕಿ ಬರೆದುಕೊಳ್ಳಿ, ಮರುದಿನ 10ಕ್ಕೆ ಬಾಗಿಲು ತೆರೆದ ಕೂಡಲೇ ಮತ್ತೊಮ್ಮೆ. ನಡುವಿನ 16 ಗಂಟೆಯಲ್ಲಿ 32 ಯೂನಿಟ್ ಓಡಿದ್ದರೆ, ಖಾಲಿ ಕಟ್ಟಡ ಗಂಟೆಗೆ 2 ಯೂನಿಟ್ ತಿಂದಿದೆ. ಹೀಗೇ 30 ರಾತ್ರಿ ನಡೆದರೆ 960 ಯೂನಿಟ್, ಅಂದರೆ ₹7,680. ಶನಿವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗೂ ಒಮ್ಮೆ ಅಳೆಯಿರಿ.

ಕಳ್ಳ ಎಲ್ಲಿದ್ದಾನೆ ಎಂದು ಹುಡುಕುವುದು ಆಮೇಲಿನ ಕೆಲಸ. ಸ್ಲೀಪ್‌ಗೂ ಹೋಗದೆ ಉರಿಯುವ ಕಂಪ್ಯೂಟರ್, ರಾತ್ರಿಯಿಡೀ ತಣ್ಣಗಾಗುವ ಕುಡಿಯುವ ನೀರಿನ ಕೂಲರ್, ಹಗಲೂ ಉರಿಯುವ ಹೊರಗಿನ ದೀಪ, ಆರಿಸಲು ಮರೆತ ಗೀಸರ್, ತುಂಬಿ ಹರಿಯುವ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುತ್ತಲೇ ಇರುವ ಪಂಪ್. ಸರ್ವರ್, ಲಸಿಕೆ ಇಡುವ ಫ್ರಿಜ್, ಸಿಸಿಟಿವಿಗಳಂಥವು ಓಡಲೇಬೇಕು, ಅವನ್ನು ಮುಟ್ಟುವಂತಿಲ್ಲ. ಉಳಿದದ್ದೆಲ್ಲ ಸೋರಿಕೆ.

ಹಂತ 3: ಹೊಣೆಗೊಂದು ಹೆಸರು, ಸ್ವಿಚ್ಚಿಗೊಂದು ಗುರುತು

‘ಎಲ್ಲ ಸಿಬ್ಬಂದಿ ವಿದ್ಯುತ್ ಉಳಿಸತಕ್ಕದ್ದು’ ಎಂಬ ಜ್ಞಾಪನ ಯಾರಿಗೂ ತಾಗುವುದಿಲ್ಲ. ಶಾಖೆಗೊಬ್ಬರ ಹೆಸರು ಬರೆದು ಆದೇಶ ಹೊರಡಿಸಿ. ಮಧ್ಯಾಹ್ನ ಊಟದ ವೇಳೆ ಮತ್ತು ಸಂಜೆ ಶಾಖೆ ಆರಿಸಿ ಹೊರಡುವ ಹೊಣೆ ಅವರದು. ರಾತ್ರಿ ಕಾವಲುಗಾರರಿಗೆ ಯಾವ ದೀಪ ಉರಿಯಬೇಕು, ಯಾವುದು ಬೇಡ ಎಂಬ ಪಟ್ಟಿ ಕೊಡಿ. ಒಂದೇ ಸೌಧದಲ್ಲಿ ಹತ್ತು ಇಲಾಖೆಗಳಿದ್ದು ಮೀಟರ್ ಒಂದೇ ಆಗಿದ್ದರೆ, ಮಹಡಿಗೋ ಇಲಾಖೆಗೋ ಸಬ್ ಮೀಟರ್ ಹಾಕಿಸಿ. ಯಾರ ಪಾಲು ಎಷ್ಟೆಂದು ಕಾಣದಿದ್ದರೆ ಎಲ್ಲರೂ ಪಕ್ಕದ ಇಲಾಖೆಯತ್ತಲೇ ಬೆರಳು ತೋರಿಸುತ್ತಾರೆ.

ಸ್ವಿಚ್ ಬೋರ್ಡಿನ ಮೇಲೆ ‘ಕಿಟಕಿ ಸಾಲು’, ‘ಬಾಗಿಲ ಬಳಿ’, ‘ನಡುವಿನ ಫ್ಯಾನ್’ ಎಂದು ಕನ್ನಡದಲ್ಲಿ ಚೀಟಿ ಅಂಟಿಸಿ. ಹಳೆಯ ಹಾಲ್‌ಗಳಲ್ಲಿ ಒಂದೇ ಸ್ವಿಚ್ಚಿಗೆ ಇಡೀ ಸಾಲು ದೀಪ ಹೊತ್ತಿಕೊಳ್ಳುವುದುಂಟು. ಕಿಟಕಿ ಪಕ್ಕದ ಸಾಲನ್ನು ಬೇರೆ ಮಾಡಿಸಿದರೆ ಹಗಲಲ್ಲಿ ಅದು ಆರಿಯೇ ಇರಬಹುದು. ಕಂಪ್ಯೂಟರಿನ ಸ್ಕ್ರೀನ್ ಸೇವರ್ ವಿದ್ಯುತ್ ಉಳಿಸುವುದಿಲ್ಲ; ಹತ್ತು ನಿಮಿಷ ಮುಟ್ಟದಿದ್ದರೆ ಸ್ಲೀಪ್‌ಗೆ ಹೋಗುವಂತೆ ಸೆಟ್ ಮಾಡಿಸಿ.

ಹಂತ 4: ಕಿಟಕಿಗೆ ಅಡ್ಡವಾದ ಬೀರು ಸರಿಸಿ

ಎತ್ತರದ ಚಾವಣಿ, ದಪ್ಪ ಗೋಡೆ, ಗವಾಕ್ಷಿ: ಹಳೆಯ ಕಾಲದ ಸರ್ಕಾರಿ ಕಟ್ಟಡಗಳು ಕರೆಂಟ್ ಬರುವ ಮೊದಲೇ ಬೆಳಕು, ಗಾಳಿ ಲೆಕ್ಕ ಹಾಕಿ ಎದ್ದವು. ಆಮೇಲೆ ಬಂದ ಕಡತದ ಬೀರುಗಳು ಕಿಟಕಿಗೆ ಅಡ್ಡ ನಿಂತವು, ಪ್ಲೈವುಡ್ ಕ್ಯಾಬಿನ್‌ಗಳು ಗಾಳಿ ಕಟ್ಟಿದವು. ಬೀರುಗಳನ್ನು ಒಳಗೋಡೆಗೆ ಸರಿಸಿ, ಬರೆಯುವ ಮೇಜುಗಳನ್ನು ಕಿಟಕಿಯತ್ತ ತನ್ನಿ. ಮುಚ್ಚಿದ ಗವಾಕ್ಷಿ ತೆರೆಸಿ, ಗಾಜಿನ ಧೂಳು ಒರೆಸಿ. ಗೋಡೆಗೆ ಬಿಳಿ ಅಥವಾ ತಿಳಿ ಬಣ್ಣ ಬಳಿಸಿದರೆ ಇರುವ ದೀಪದಲ್ಲೇ ಬೆಳಕು ಹೆಚ್ಚುತ್ತದೆ.

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಮೇಲಿನ ಮಹಡಿ ಏಪ್ರಿಲ್–ಮೇನಲ್ಲಿ ಕಾಯುತ್ತದೆ. ಆರ್‌ಸಿಸಿ ತಾರಸಿಗೆ ಬೇಸಿಗೆಗೆ ಮುನ್ನ ಬಿಳಿ ಸುಣ್ಣವನ್ನೋ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಬಣ್ಣವನ್ನೋ ಬಳಿಸಿ. ಪಶ್ಚಿಮದ ಕಿಟಕಿಗೆ ಹೊರಗಿನಿಂದ ನೆರಳು ಮಾಡಿ. ಒಳಗಿನ ಪರದೆ ಬೆಳಕನ್ನು ತಡೆಯುತ್ತದೆ, ಆದರೆ ಗಾಜು ದಾಟಿ ಬಂದ ಶಾಖ ಒಳಗೇ ಉಳಿಯುತ್ತದೆ.

ಹಂತ 5: ಯಾವುದನ್ನು ಮೊದಲು ಬದಲಿಸಬೇಕು?

*ಟ್ಯೂಬ್‌ಲೈಟ್:* 40 ವಾಟ್‌ನ ಹಳೆಯ ಟ್ಯೂಬ್ ತನ್ನ ದಪ್ಪ ಚೋಕ್ ಸೇರಿ ಸುಮಾರು 52 ವಾಟ್ ಎಳೆಯುತ್ತದೆ. ಆ ಜಾಗಕ್ಕೆ 20 ವಾಟ್‌ನ ಎಲ್ಇಡಿ ಸಾಕು. ಉಳಿಯುವ 32 ವಾಟ್ ವರ್ಷಕ್ಕೆ ಸುಮಾರು 54 ಯೂನಿಟ್, ₹430. ಎಲ್ಇಡಿ ಟ್ಯೂಬಿಗೆ ಹಾಕಿದ ಹಣ ಸಾಮಾನ್ಯವಾಗಿ ಮೊದಲ ವರ್ಷದಲ್ಲೇ ಮರಳುತ್ತದೆ. ಆದ್ದರಿಂದ ಮೊದಲ ಅನುದಾನ ಇದಕ್ಕೇ ಇರಲಿ.

*ಫ್ಯಾನ್:* ಸಾಮಾನ್ಯ ಸೀಲಿಂಗ್ ಫ್ಯಾನ್ 75 ವಾಟ್ ಆಸುಪಾಸು, ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟಾರಿನ) ಫ್ಯಾನ್ 30 ಆಸುಪಾಸು. 240 ದಿನ ತಿರುಗಿದರೆ ಉಳಿತಾಯ ಸುಮಾರು 75 ಯೂನಿಟ್, ₹600. ಒಂದಕ್ಕೆ ₹3,000 ಎಂದುಕೊಂಡರೆ ಐದು ವರ್ಷಕ್ಕೆ ಅಸಲು. ವರ್ಷದಲ್ಲಿ ಅರ್ಧ ದಿನಗಳಷ್ಟೇ ಫ್ಯಾನ್ ಬೇಕಾಗುವ ಮಡಿಕೇರಿಯಲ್ಲಿ ಹತ್ತು ವರ್ಷ ಬೇಕು. ಹಾಗಾಗಿ ಬಿಸಿಲೂರುಗಳಲ್ಲಿ ಮತ್ತು ಸೆಕೆಯ ಕರಾವಳಿಯಲ್ಲಿ ಒಟ್ಟಿಗೇ ಬದಲಿಸಿ. ತಂಪಿನ ಊರುಗಳಲ್ಲಿ ಕೆಟ್ಟಾಗ ಬದಲಿಸಿದರೆ ಸಾಕು. ಒಂದು ಎಚ್ಚರಿಕೆ: ಹಲವು ಬಿಎಲ್‌ಡಿಸಿ ಫ್ಯಾನುಗಳು ರಿಮೋಟಿನಲ್ಲಿ ನಡೆಯುತ್ತವೆ, ಹಳೆಯ ರೆಗ್ಯುಲೇಟರ್ ಅವಕ್ಕೆ ಹೊಂದುವುದಿಲ್ಲ. ಕಚೇರಿಯಲ್ಲಿ ರಿಮೋಟ್ ಕಳೆದುಹೋಗುವುದು ಹೆಚ್ಚು. ಗೋಡೆಯ ಸ್ವಿಚ್ಚಿನಿಂದಲೇ ವೇಗ ಬದಲಿಸಬಹುದಾದ ಮಾದರಿ ಕೇಳಿ.

*ಎಸಿ:* ಮೊದಲು ಇರುವುದನ್ನು ಸರಿಯಾಗಿ ನಡೆಸಿ. ಉಷ್ಣಾಂಶ ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ (ಬಿಇಇ). ಸ್ಟಾರ್ ಲೇಬಲ್‌ನ ಹೊಸ ರೂಮ್ ಎಸಿಗಳಿಗೆ 24 ಡಿಗ್ರಿಯ ಆರಂಭಿಕ ಸೆಟ್ಟಿಂಗ್ ಕಡ್ಡಾಯವಾದದ್ದು 2020ರ ಜನವರಿ 1ರಿಂದ. ಅದನ್ನು 18ಕ್ಕೆ ಇಳಿಸಿದರೆ ಕೊಠಡಿ ಬೇಗ ತಣಿಯುತ್ತದೆ ಎಂಬುದು ತಪ್ಪು ನಂಬಿಕೆ. 24–26ಕ್ಕೆ ಇಟ್ಟು ಫ್ಯಾನನ್ನು ನಿಧಾನಕ್ಕೆ ತಿರುಗಿಸಿ, ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯಿಸಿ, ಬಾಗಿಲಿಗೆ ಡೋರ್ ಕ್ಲೋಸರ್ ಹಾಕಿಸಿ. ಸಾಹೇಬರು ಸಭೆಗೆ ಹೋದ ಮೇಲೂ ಚೇಂಬರ್ ತಣ್ಣಗಿರಬೇಕೆಂಬ ರೂಢಿ ನಿಲ್ಲಬೇಕಾದರೆ ಸಾಹೇಬರೇ ಹೇಳಬೇಕು.

ಹಂತ 6: ಟೆಂಡರಿನಲ್ಲಿ ಬರೆಯಿರಿ, ಹಳೆಯದನ್ನು ಕಳಿಸಿ

ಅತಿ ಕಡಿಮೆ ದರ ನಮೂದಿಸಿದವರಿಗೆ ಆದೇಶ ಹೋಗುವ ಪದ್ಧತಿಯಲ್ಲಿ, ವಿವರಣೆ ಸಡಿಲವಾಗಿದ್ದರೆ ಅಗ್ಗದ ಮಾಲೇ ಬರುತ್ತದೆ. ‘ಎಲ್ಇಡಿ ಟ್ಯೂಬ್, ಸಂಖ್ಯೆ 50’ ಎಂದಷ್ಟೇ ಬರೆಯಬೇಡಿ. ವಾಟ್, ಲ್ಯೂಮೆನ್, ಪವರ್ ಫ್ಯಾಕ್ಟರ್, ಬಿಐಎಸ್ ಗುರುತು, ಕನಿಷ್ಠ ಸ್ಟಾರ್ ಮತ್ತು ವಾರಂಟಿಯ ವರ್ಷಗಳನ್ನು ನಮೂದಿಸಿ. ಸೀಲಿಂಗ್ ಫ್ಯಾನಿಗೂ 2023ರ ಜನವರಿಯಿಂದ ಸ್ಟಾರ್ ಲೇಬಲ್ ಕಡ್ಡಾಯ. ಲೇಬಲ್ಲಿನ ವರ್ಷವನ್ನೂ ನೋಡಿ, ಸ್ಟಾರ್ ಮಾನದಂಡಗಳನ್ನು ಆಗಾಗ ಬಿಗಿಗೊಳಿಸಲಾಗುತ್ತದೆ. ಹಳೆಯ ಲೇಬಲ್ಲಿನ ಐದು ಸ್ಟಾರ್ ಇಂದಿನ ಐದು ಸ್ಟಾರ್ ಆಗಿರಬೇಕೆಂದಿಲ್ಲ.

ಹೊಸ ಎಸಿ ಬಂದೊಡನೆ ಹಳೆಯದನ್ನು ಪಕ್ಕದ ಕೊಠಡಿಗೆ ಕೂರಿಸಿದರೆ ಬಿಲ್ ಏರುತ್ತದೆ. ತೆಗೆದದ್ದನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ಅನುಪಯುಕ್ತವೆಂದು ಘೋಷಿಸಿ, ನಿಯಮದಂತೆ ಇ–ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಿ. ಹಳೆಯ ಟ್ಯೂಬ್‌ಗಳಲ್ಲಿ ಪಾದರಸ ಇರುವುದರಿಂದ ಅವನ್ನು ಒಡೆಯದೆ ಬೇರೆಯಾಗಿ ಕಟ್ಟಿಡಿ.

ಹಂತ 7: ಕಟ್ಟಡ ದೊಡ್ಡದಾದರೆ ಆಡಿಟ್

ಜಿಲ್ಲಾ ಆಸ್ಪತ್ರೆ, ಜಿಲ್ಲಾಡಳಿತ ಭವನ, ವಿಶ್ವವಿದ್ಯಾಲಯಗಳಂಥ ಕಡೆ ಬರಿಗಣ್ಣು ಸಾಲದು. ಬಿಇಇ ಮಾನ್ಯತೆಯುಳ್ಳ ಎನರ್ಜಿ ಆಡಿಟರ್‌ರಿಂದ ತಪಾಸಣೆ ಮಾಡಿಸಿ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಜಾರಿಗೆ ಕರ್ನಾಟಕದಲ್ಲಿ ಗೊತ್ತುಪಡಿಸಿದ ಸಂಸ್ಥೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಯಮಿತ (ಕ್ರೆಡೆಲ್). ಮಾರ್ಗದರ್ಶನಕ್ಕೆ ಅಲ್ಲಿ ಕೇಳಬಹುದು. ವರದಿಯಲ್ಲಿ ಪ್ರತಿ ಸಲಹೆಯ ಮುಂದೆ ಖರ್ಚು, ವರ್ಷದ ಉಳಿತಾಯ, ಹಣ ಮರಳುವ ಅವಧಿ ಮೂರೂ ಇರಬೇಕೆಂದು ಮೊದಲೇ ಷರತ್ತು ಹಾಕಿ. ಹಾಗಿಲ್ಲದ ವರದಿ ಬೀರು ಸೇರುತ್ತದೆ.

ಹೋಲಿಕೆಗೆ ಸುಲಭದ ಅಳತೆಯೊಂದಿದೆ: ವರ್ಷದ ಒಟ್ಟು ಯೂನಿಟ್ಟನ್ನು ಕಟ್ಟಡದ ಚದರ ಮೀಟರಿನಿಂದ ಭಾಗಿಸಿ. 1,200 ಚದರ ಮೀಟರಿನ ಕಚೇರಿ 48,000 ಯೂನಿಟ್ ಬಳಸಿದರೆ 40. ಜಿಲ್ಲೆಯ ಎಲ್ಲ ತಾಲ್ಲೂಕು ಸೌಧಗಳ ಈ ಅಂಕಿಯನ್ನು ಒಂದೇ ಹಾಳೆಯಲ್ಲಿ ಬರೆದರೆ, ಮೊದಲು ಎಲ್ಲಿಗೆ ಹೋಗಬೇಕೆಂದು ಜಿಲ್ಲಾಧಿಕಾರಿಗೆ ತಿಳಿಯುತ್ತದೆ. ವೈರಿಂಗ್ ಹಳೆಯದಾಗಿದ್ದರೆ ಲೋಕೋಪಯೋಗಿ ಇಲಾಖೆಯ ವಿದ್ಯುತ್ ವಿಭಾಗದಿಂದ ಅದನ್ನೂ ಪರೀಕ್ಷೆ ಮಾಡಿಸಿ. ಬಿಸಿಯಾಗುವ ಸ್ವಿಚ್, ಕಂದಿದ ಪ್ಲಗ್ ಕಂಡಲ್ಲಿ ಉಳಿತಾಯಕ್ಕಿಂತ ಮೊದಲು ಸುರಕ್ಷತೆ.

ಹಂತ 8: ಸೌರಫಲಕ ಕೊನೆಗೆ

ಸೋರಿಕೆ ಉಳಿಸಿಕೊಂಡು ಫಲಕ ಹಾಕುವುದು ತೂತು ಕೊಡಕ್ಕೆ ನೀರು ಹೊಯ್ದಂತೆ. ಬಳಕೆ ಇಳಿದ ಮೇಲೆ ಲೆಕ್ಕ ಹಾಕಿದರೆ ಚಿಕ್ಕ ಘಟಕವೇ ಸಾಕಾಗುತ್ತದೆ. ಒಂದು ಕಿಲೋವಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ನಮ್ಮ ಬಿಸಿಲಿಗೆ ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ. ಕಚೇರಿ ನಡೆಯುವುದೂ ಬಿಸಿಲಿರುವಾಗಲೇ ಆದ್ದರಿಂದ ಹೊಂದಾಣಿಕೆ ಚೆನ್ನ. ರಜೆಯ ದಿನ ಮಿಕ್ಕದ್ದು ನೆಟ್ ಮೀಟರ್ ಮೂಲಕ ಗ್ರಿಡ್ಡಿಗೆ ಹೋಗುತ್ತದೆ. ಘಟಕದ ಗಾತ್ರಕ್ಕೂ ಮಂಜೂರಾದ ಲೋಡಿಗೂ ನಂಟಿರುವುದರಿಂದ, ಮೊದಲ ಹಂತದ ಲೋಡ್ ಇಳಿಕೆಯ ಅರ್ಜಿ ಹಾಕುವಾಗಲೇ ಇದನ್ನೂ ಯೋಚಿಸಿ. ಬಂಡವಾಳವಿಲ್ಲದಿದ್ದರೆ, ಕಂಪನಿಯೇ ಫಲಕ ಹಾಕಿ ಯೂನಿಟ್ ಲೆಕ್ಕದಲ್ಲಿ ಹಣ ಪಡೆಯುವ ರೆಸ್ಕೊ ಪದ್ಧತಿಯೂ ಇದೆ. ಯಾವ ಪದ್ಧತಿಯಾದರೂ ಧೂಳು ತೊಳೆಯುವವರು ಯಾರೆಂದು ಕರಾರಿನಲ್ಲೇ ಬರೆಸಿ.

ಫಲ ಕಂಡದ್ದನ್ನು ತೋರಿಸಿ

ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಕಳೆದ ತಿಂಗಳ ಯೂನಿಟ್ ಮತ್ತು ಹಿಂದಿನ ವರ್ಷ ಅದೇ ತಿಂಗಳ ಯೂನಿಟ್ ಎರಡನ್ನೂ ಸೂಚನಾ ಫಲಕಕ್ಕೆ ಹಾಕಿ. ರೂಪಾಯಿಯಲ್ಲಿ ಹೋಲಿಸಬೇಡಿ, ದರ ಏರಿದರೆ ಉಳಿಸಿದ್ದು ಕಾಣುವುದಿಲ್ಲ. ಗ್ರಾಮ ಪಂಚಾಯಿತಿಯಾದರೆ ಜಮಾಬಂದಿಯ ದಿನ ಲೆಕ್ಕಪತ್ರದ ಜೊತೆ ಈ ಪಟ್ಟಿಯನ್ನೂ ಜನರ ಮುಂದಿಡಿ. ಅಧಿಕಾರಿ ವರ್ಗವಾಗಿ ಹೋದರೂ, ಕಳೆದ ವರ್ಷಕ್ಕಿಂತ ಯೂನಿಟ್ ಏಕೆ ಏರಿತು ಎಂದು ಕೇಳುವ ಜನ ಊರಲ್ಲೇ ಇರುತ್ತಾರೆ.