ರಾಸುಗಳಿಗೆ ಕೊಟ್ಟ ಔಷಧವು ಏನಾಗುವುದು?

ರಾಸಿಗೆ ಕೊಟ್ಟ ಔಷಧವು ರಕ್ತದೊಡನೆ ದೇಹವನ್ನೆಲ್ಲಾ ವ್ಯಾಪಿಸುವುದು. ಯಕೃತ್ತು ಅದನ್ನು ಒಡೆದು ಮಾರ್ಪಡಿಸುವುದು. ಹೀಗೆ ಮಾರ್ಪಟ್ಟ ಅಂಶವು ಮೂತ್ರ ಸಗಣಿಗಳೊಡನೆ ಹೊರಬೀಳುವುದು. ಔಷಧವನ್ನನುಸರಿಸಿ ಈ ಕಾರ್ಯಕ್ಕೆ ಕೆಲವು ದಿನಗಳು ಹಿಡಿಯಬಹುದು. ಅಷ್ಟರೊಳಗೆ ರಾಸು ಸತ್ತರೆ ಔಷಧದ ಶೇಷವು ಮಾಂಸದಲ್ಲಿಯೇ ಉಳಿಯುವುದು.

ಊತ ನೋವುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಇದಕ್ಕೆ ನಿದರ್ಶನವು. ಇದರ ಶೇಷವುಳ್ಳ ಕಳೇಬರವನ್ನು ತಿಂದ ರಣಹದ್ದುಗಳು ಮೂತ್ರಪಿಂಡಗಳು ಕೆಟ್ಟು ಸಾಯುವುವೆಂದು 2004ರಲ್ಲಿ ಪ್ರಕಟವಾಯಿತು. 2006ರಲ್ಲಿ ಭಾರತ ಸರ್ಕಾರವು ಪಶುಚಿಕಿತ್ಸೆಯಲ್ಲಿ ಇದನ್ನು ನಿಷೇಧಿಸಿತು. ಅಸಿಕ್ಲೋಫೆನಾಕ್ ಎಂಬುದು ಹೆಸರಿನಿಂದ ಬೇರೆಯಾದರೂ ರಾಸಿನ ದೇಹದೊಳಗೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುವುದು. 2023ರಲ್ಲಿ ಅದೂ ನಿಷೇಧಕ್ಕೊಳಗಾಯಿತು. ಇವುಗಳಿಗೆ ಬದಲಾಗಿ ಬಳಸುವ ಮೆಲಾಕ್ಸಿಕಾಮ್ ರಣಹದ್ದುಗಳಿಗೆ ಹಾನಿಕರವಲ್ಲ.

ರಣಹದ್ದುಗಳು ಅಳಿದರೆ ಕಳೇಬರಗಳು ಬಯಲಿನಲ್ಲಿ ಕೊಳೆಯುವುವು, ಅವನ್ನು ತಿಂದು ಬೀದಿನಾಯಿಗಳು ಹೆಚ್ಚುವುವು. ಆದುದರಿಂದ ಪಶುವೈದ್ಯರನ್ನು ಕೇಳದೆ ಮನುಷ್ಯರ ಔಷಧವನ್ನು ರಾಸುಗಳಿಗೆ ಕೊಡಕೂಡದೆಂದು ಗ್ರಾಮದ ಮುಖಂಡರು ರೈತರಿಗೆ ತಿಳಿಯಹೇಳಬೇಕು. ಔಷಧ ಕೊಟ್ಟ ತರುವಾಯ ಸತ್ತ ರಾಸನ್ನು ಹೊರಗೆ ಎಸೆಯಿಸದೆ ಆಳವಾದ ಗುಂಡಿಯಲ್ಲಿ ಹೂಳಿಸತಕ್ಕದ್ದು.